ಹೊಸ ದೀಪವೋ, ಎಣ್ಣೆಯೋ?

ಇರುವ ಮೊಬೈಲ್ ಫೋನನ್ನೇ ಇನ್ನಷ್ಟು ಕಾಲ ಬಳಸುವುದೋ, ಹೊಸದನ್ನು ಕೊಳ್ಳುವುದೋ? ಈ ಪ್ರಶ್ನೆ ನಿಮ್ಮ ಮನೆಯಲ್ಲಿಯೂ ರಾತ್ರಿಯ ಊಟದ ಹೊತ್ತಿನಲ್ಲಿ ಒಮ್ಮೆಯಾದರೂ ಎದ್ದಿರಬೇಕು. ಮಗ ಹೊಸ ಫೋನಿನ ಗುಣಗಾನ ಮಾಡುತ್ತಾನೆ. ತಂದೆ ಕಂತಿನ ಲೆಕ್ಕ ಹಾಕುತ್ತಾರೆ. ತಾಯಿ, 'ಇದಕ್ಕೇನಾಗಿದೆ, ಚೆನ್ನಾಗಿಯೇ ಇದೆಯಲ್ಲ' ಎನ್ನುತ್ತಾರೆ. ಇಂತಹ ಲೌಕಿಕ ವಿಷಯವನ್ನು ಗುರುವೊಬ್ಬನು ಧಾರ್ಮಿಕ ಪತ್ರಿಕೆಯಲ್ಲಿ ಬರೆಯುವುದೇಕೆ ಎಂದು ನೀವು ಕೇಳಬಹುದು. ಕಳೆದ ಮಳೆಗಾಲದವರೆಗೆ ನಾನೂ ಹಾಗೆಯೇ ಭಾವಿಸಿದ್ದೆ. ಅನಂತರ ನಡೆದ ಘಟನೆಯೊಂದು ಈ ಚಿಕ್ಕ ಪ್ರಶ್ನೆಯ ಹಿಂದೆ ಅಡಗಿದ್ದ ದೊಡ್ಡ ಪ್ರಶ್ನೆಯನ್ನು ನನ್ನ ಎದುರಿಗೆ ತಂದು ನಿಲ್ಲಿಸಿತು. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳದೆ ಇರಲಾರೆ.

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಂದಿಗೆ ಮಾತನಾಡಿದರು. ಆಗ ನಾನು ಸೆಮಿನರಿಯ ವಿದ್ಯಾರ್ಥಿ. ಮನೆಯ ಸುದ್ದಿ ನಮಗೆ ಅಂಚೆಯ ನೀಲಿ ಕಾಗದದಲ್ಲಿ ಬರುತ್ತಿತ್ತು. ತೀರಾ ತುರ್ತಾದರೆ ಎಸ್.ಟಿ.ಡಿ. ಬೂತಿನ ಮುಂದೆ ಸರದಿಯಲ್ಲಿ ನಿಲ್ಲುತ್ತಿದ್ದೆವು. ಗುರುದೀಕ್ಷೆ ಪಡೆದು ಕೆಲವು ವರ್ಷಗಳ ಮೇಲೆ ನನ್ನ ಕೈಗೆ ಬಂದ ಮೊದಲ ಫೋನ್ ನೋಕಿಯಾ 1100. ಒಳಬರುವ ಕರೆಗೂ ಹಣ ತೆರಬೇಕಾಗಿದ್ದ ಕಾಲ 2003ರಲ್ಲಿ ಮುಗಿಯಿತು. ಅದೇ ವರ್ಷ ಮಾರುಕಟ್ಟೆಗೆ ಬಂದ ಫೋನ್ ಅದು. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತಂತೆ. ಅದರ ನೆತ್ತಿಯ ಮೇಲೊಂದು ಪುಟ್ಟ ಟಾರ್ಚ್ ಇತ್ತು. ಕರೆಂಟು ಹೋದ ರಾತ್ರಿಗಳಲ್ಲಿ ಆ ಬೆಳಕನ್ನೇ ಹಿಡಿದು ಕಾಫಿ ತೋಟದ ಕಾಲುದಾರಿಗಳಲ್ಲಿ ರೋಗಿಗಳ ಮನೆಗೆ ನಡೆದಿದ್ದೇನೆ. ಅದು ನಿಜವಾಗಿಯೂ ದೀಪವೇ ಆಗಿತ್ತು.

ಈಗ ನನ್ನ ಬಳಿ ಇರುವುದು 2019ರಲ್ಲಿ ಕೊಂಡ ಸ್ಮಾರ್ಟ್ ಫೋನ್. 2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಲಾಕ್‌ಡೌನ್ ಬಂದು ದೇವಾಲಯದ ಬಾಗಿಲುಗಳು ಮುಚ್ಚಿದಾಗ, ಪುಸ್ತಕಗಳ ರಾಶಿಗೆ ಅದನ್ನು ಆನಿಸಿ ನಿಲ್ಲಿಸಿ, ಖಾಲಿ ಬೆಂಚುಗಳ ಮುಂದೆ ನಾನು ಅರ್ಪಿಸಿದ ಬಲಿಪೂಜೆಯನ್ನು ನಿಮ್ಮಂಥವರ ಮನೆಗಳಿಗೆ ತಲುಪಿಸಿದ್ದೆ. ಆ ಫೋನಿನ ಮೇಲೆ ನನಗೊಂದು ಬಗೆಯ ಕೃತಜ್ಞತೆ ಇದೆ. ಅದರ ಗಾಜಿನ ಒಂದು ಮೂಲೆ ಒಡೆದಿದೆ. ಬೇಗನೆ ಚಾರ್ಜ್ ಇಳಿಯುತ್ತದೆ. ಸಹಗುರುಗಳು ಸೇರಿದಲ್ಲಿ ಯಾರಾದರೂ ಹೊಸ ಫೋನನ್ನು ಮೇಜಿನ ಮೇಲಿಟ್ಟರೆ, ನಾನು ಬೇಕೆಂದೇ ನನ್ನ ಒಡೆದ ಫೋನನ್ನು ಅದರ ಪಕ್ಕದಲ್ಲಿಟ್ಟು, 'ನನಗೆ ಇದೇ ಸಾಕಪ್ಪ' ಎನ್ನುತ್ತಿದ್ದೆ. ಅದನ್ನು ಸರಳತೆ ಎಂದುಕೊಂಡಿದ್ದೆ. ಅದೂ ಒಂದು ತೋರಿಕೆಯೆಂಬುದು ಆಗ ಹೊಳೆಯಲಿಲ್ಲ.

ಕಳೆದ ಜುಲೈ ತಿಂಗಳ ಒಂದು ರಾತ್ರಿ. ಸಂಜೆಯೇ ಮರ ಬಿದ್ದು ಕರೆಂಟು ಹೋಗಿತ್ತು. ಎಡೆಬಿಡದ ಮಳೆ. ಬೆಳಿಗ್ಗೆ ದೇವಾಲಯದ ಬಾಗಿಲು ತೆರೆಯುವಾಗ ಮಳೆಯಲ್ಲಿ ತೊಯ್ದ ಯುವಕನೊಬ್ಬ ಮೆಟ್ಟಿಲ ಮೇಲೆ ಕುಳಿತಿದ್ದ. ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರ ಮೊಮ್ಮಗ. ಆ ಹಿರಿಯರು ಮೂವತ್ತಕ್ಕೂ ಹೆಚ್ಚು ವರ್ಷ ನಮ್ಮ ದೇವಾಲಯದ ಗಂಟೆ ಬಾರಿಸಿದವರು. ಮುಂಜಾನೆ, ಮಧ್ಯಾಹ್ನ, ಸಂಜೆಯ ತ್ರಿಕಾಲ ಪ್ರಾರ್ಥನೆಗೆ, ಹಬ್ಬಕ್ಕೆ, ಮರಣಕ್ಕೆ, ಎಲ್ಲದಕ್ಕೂ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದದ್ದು ಅವರ ಕೈಯ ಹಗ್ಗ. ಫೋನುಗಳು ಬರುವ ಮೊದಲು ಊರಿಗೆಲ್ಲ ಕರೆ ಮಾಡುತ್ತಿದ್ದವರು ಅವರೇ.

"ಫಾದರ್, ಅಜ್ಜ ಹೋದ್ರು. ರಾತ್ರಿ ಹನ್ನೊಂದರಿಂದ ನಿಮಗೆ ಫೋನ್ ಮಾಡ್ತಾನೇ ಇದ್ದೆವು. ಸ್ವಿಚ್ ಆಫ್ ಅಂತ ಬಂತು. ರಸ್ತೆಗೆ ಮರ ಬಿದ್ದಿತ್ತು, ರಾತ್ರಿ ಬರೋಕೆ ಆಗ್ಲಿಲ್ಲ."

ರೋಗಿಗಳ ಅಭ್ಯಂಗ ಸಂಸ್ಕಾರಕ್ಕಾಗಿ ಕರೆದಿದ್ದರು. ನನ್ನ ಬಾಯಿಂದ ತಟ್ಟನೆ ಬಂದ ಉತ್ತರ ಇದು: "ಫೋನ್ ಹಳೆಯದಾಗಿದೆ ಮಗಾ, ಬ್ಯಾಟರಿ ನಿಲ್ಲುವುದೇ ಇಲ್ಲ."

ಆ ಮನೆಗೆ ಹೋದೆ. ಅಜ್ಜಿ ನನ್ನನ್ನು ದೂರಲಿಲ್ಲ. "ಫಾದರ್ ಬಂದ್ರಾ ಅಂತ ಎರಡು ಸಲ ಕೇಳಿದ್ರು" ಎಂದಷ್ಟೇ ಹೇಳಿದರು. ಆ ತಿಂಗಳ ಮೊದಲ ಶುಕ್ರವಾರ ನಾನೇ ಅವರಿಗೆ ಪಾಪನಿವೇದನೆಯ ಸಂಸ್ಕಾರವನ್ನೂ ಪರಮಪ್ರಸಾದವನ್ನೂ ನೀಡಿದ್ದೆ. ದೇವರ ಕರುಣೆ ಗುರುವಿನ ಫೋನಿಗೆ ಕಟ್ಟುಬಿದ್ದದ್ದಲ್ಲ ಎಂಬುದನ್ನು ನಮ್ಮ ಧರ್ಮಸಭೆ ಬೋಧಿಸುತ್ತದೆ. ನಾನೂ ಅದನ್ನು ನಂಬುತ್ತೇನೆ. ಆದರೂ ಸಾವಿನ ಹೊಸ್ತಿಲಲ್ಲಿದ್ದವರು ಎರಡು ಸಲ ಕೇಳಿದ ಆ ಪ್ರಶ್ನೆಗೆ ಉತ್ತರ ಕೊಡಬೇಕಾಗಿದ್ದವನು ನಾನು.

ಶವಸಂಸ್ಕಾರ ಮುಗಿದ ವಾರದಲ್ಲೇ ನಮ್ಮ ಪಾಲನಾ ಸಮಿತಿಯವರು ಬಂದರು. ಯಾರ ಮುಖದಲ್ಲೂ ಕೋಪವಿರಲಿಲ್ಲ. "ಫಾದರ್, ತಪ್ಪು ನಮ್ಮದೇ. ನಿಮಗೆ ಒಳ್ಳೆಯ ಫೋನ್ ಇಲ್ಲ ಅಂತ ಗೊತ್ತಿದ್ದೂ ಸುಮ್ಮನಿದ್ದೆವು. ಮೂವತ್ತು ಸಾವಿರದ ಒಂದು ಫೋನ್ ನೋಡಿದ್ದೇವೆ. ಮನೆಮನೆಯಿಂದ ಸ್ವಲ್ಪ ಸ್ವಲ್ಪ ಸೇರಿಸುತ್ತೇವೆ" ಎಂದರು. ನಾನು ಬೇಡವೆನ್ನಲಿಲ್ಲ. ಒಂದು ಕ್ಷಣ ಸಂತೋಷವೂ ಆಯಿತೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಆ ಫೋನಿನ ಕ್ಯಾಮೆರಾ ಹೇಗಿದೆಯೋ ಎಂದು ಮನಸ್ಸು ಅಂದು ರಾತ್ರಿಯೇ ಯೋಚಿಸತೊಡಗಿತ್ತು.

ಪ್ರಿಯ ಓದುಗರೇ, ನಾನು ಯಾರಿಗೂ ಹೇಳದಿದ್ದ ಸತ್ಯವೊಂದಿತ್ತು. ಆ ಸಂಜೆ ಕರೆಂಟು ಹೋದಾಗ ನನ್ನ ಹಳೆಯ ಫೋನಿನಲ್ಲಿ ಅರ್ಧದಷ್ಟು ಚಾರ್ಜ್ ಉಳಿದಿತ್ತು. ಬೆಳಗಿನವರೆಗೆ ಅದು ಧಾರಾಳವಾಗಿ ಸಾಕಾಗುತ್ತಿತ್ತು. ನಾನು ಹಾಸಿಗೆಯಲ್ಲಿ ಮಲಗಿ ಒಂದರ ಹಿಂದೊಂದು ವಿಡಿಯೋ ನೋಡುತ್ತಾ ಎರಡು ಗಂಟೆ ಕಳೆದೆ. ಏನು ನೋಡಿದೆನೆಂಬುದು ಇಂದು ನೆನಪಿಲ್ಲ. ಕೊನೆಗೆ ಫೋನ್ ತಾನಾಗಿ ಆರಿಹೋಯಿತು. ಅಂಗಳದಲ್ಲಿ ಜೀಪು ನಿಂತಿತ್ತು. ಅದರಲ್ಲಿ ಚಾರ್ಜ್ ಮಾಡುವ ವ್ಯವಸ್ಥೆಯೂ ಇತ್ತು. ಮಳೆಯಲ್ಲಿ ಅಲ್ಲಿಯವರೆಗೆ ಹೋಗಲು ಸೋಮಾರಿತನ. 'ಬೆಳಿಗ್ಗೆ ನೋಡಿದರಾಯಿತು' ಎಂದು ಮಗ್ಗುಲು ಬದಲಿಸಿದೆ. ಬ್ಯಾಟರಿ ಹಳೆಯದೆಂಬುದು ಸುಳ್ಳಲ್ಲ. ಆದರೆ ಆ ರಾತ್ರಿಯ ಮಟ್ಟಿಗೆ ಅದು ನಿಜವೂ ಆಗಿರಲಿಲ್ಲ.

ಹತ್ತು ಕನ್ಯೆಯರ ಸಾಮತಿಯನ್ನು ನಾನು ಎಷ್ಟೋ ಬಾರಿ ಬೋಧಿಸಿದ್ದೇನೆ. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಅದಿದೆ. ಆ ದಿನಗಳಲ್ಲಿ ಅದನ್ನು ಮತ್ತೆ ತೆರೆದು ಓದಿದಾಗ ಇಷ್ಟು ವರ್ಷ ಗಮನಿಸದ ಸಂಗತಿಯೊಂದು ಕಣ್ಣಿಗೆ ಬಿತ್ತು. ಬುದ್ಧಿವಂತ ಕನ್ಯೆಯರ ದೀಪಗಳು ಹೊಸವು, ಅವಿವೇಕಿಗಳ ದೀಪಗಳು ಹಳೆಯವು ಎಂದು ಯೇಸುಸ್ವಾಮಿ ಎಲ್ಲಿಯೂ ಹೇಳುವುದಿಲ್ಲ. ಹತ್ತು ಮಂದಿಯ ಬಳಿಯೂ ದೀಪಗಳಿದ್ದವು. ಕೊರತೆ ಇದ್ದದ್ದು ಎಣ್ಣೆಯಲ್ಲಿ. ಆ ಐವರು ಹೊಸ ದೀಪ ಕೊಂಡಿದ್ದರೂ ಮದುವಣಿಗ ಬಂದಾಗ ಅವರು ಕತ್ತಲೆಯಲ್ಲೇ ಇರುತ್ತಿದ್ದರು. ನನ್ನ ಜನರು ಪ್ರೀತಿಯಿಂದ ನನಗೆ ಹೊಸ ದೀಪ ಕೊಡಿಸಲು ಹೊರಟಿದ್ದರು. ನನ್ನಲ್ಲಿ ಮುಗಿದಿದ್ದದ್ದು ಎಣ್ಣೆ.

ಹೀಗಿದ್ದರೂ ನಾನು ಇನ್ನೂ ಒಂದು ವಾರ ಸುಮ್ಮನಿದ್ದೆ. ಸಂಗ್ರಹವಾದ ಹಣದ ಲಕೋಟೆಗಳನ್ನು ಸಮಿತಿಯ ಕಾರ್ಯದರ್ಶಿಯವರು ತಂದು ಮೇಜಿನ ಮೇಲಿಟ್ಟರು. ಅವುಗಳಲ್ಲೊಂದು ಆ ಅಜ್ಜಿಯದು. ಐನೂರು ರೂಪಾಯಿ. ಕೊಡುವಾಗ ಅವರು ಹೇಳಿ ಕಳುಹಿಸಿದ್ದರಂತೆ: "ಇನ್ನೊಂದು ಮನೆಯವರಿಗೆ ಹೀಗಾಗೋದು ಬೇಡ."

ಆ ಲಕೋಟೆಯನ್ನು ಹಿಡಿದುಕೊಂಡು ಆ ಸಂಜೆಯೇ ಅವರ ಮನೆಗೆ ಹೋದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ಇಪ್ಪತ್ತೈದು ವರ್ಷಗಳಿಂದ ಪಾಪನಿವೇದನೆಯ ಪೀಠದಲ್ಲಿ ಕುಳಿತು ಕೇಳಿಸಿಕೊಂಡವನು ಅಂದು ಅಡುಗೆಮನೆಯ ಬಾಗಿಲಲ್ಲಿ ಒಂದು ಮಣೆಯ ಮೇಲೆ ಕುಳಿತು ನಿವೇದಿಸಿಕೊಂಡೆ. ಅಜ್ಜಿ ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಒಲೆಯ ಕೆಂಡವನ್ನು ಕೆದಕುತ್ತಿದ್ದರು. ಅನಂತರ ಹೇಳಿದರು: "ಇವರೂ ಒಂದು ಸಲ ಗಂಟೆ ಬಾರಿಸೋದು ಮರ್ತಿದ್ರು ಫಾದರ್. ಈಸ್ಟರ್ ದಿನಾನೇ. ನಿದ್ದೆ ಹೋಗ್ಬಿಟ್ಟಿದ್ರು. ಆಗಿನ ಫಾದರ್ ಏನೂ ಅನ್ಲಿಲ್ಲ. ಆಮೇಲೆ ಇವರು ಒಂದು ದಿನಾನೂ ತಪ್ಪಿಸ್ಲಿಲ್ಲ. ಕಾಫಿ ಕುಡೀರಿ."

ಅಂದು ನಾನು ಕುಡಿದ ಕಾಫಿಯ ರುಚಿಯನ್ನು ವಿವರಿಸಲಾರೆ.

ಇನ್ನು ಫೋನಿನ ವಿಷಯ. ಕ್ಷಮೆ ದೊರೆತರೂ ಪ್ರಶ್ನೆ ಹಾಗೆಯೇ ಉಳಿದಿತ್ತು: ಕೊಳ್ಳುವುದೋ ಬಿಡುವುದೋ? ಈ ಗೊಂದಲದಲ್ಲಿ ನನಗೆ ನೆರವಾದವರು ಲೊಯೋಲದ ಸಂತ ಇಗ್ನೇಷಿಯಸ್. 1548ರಲ್ಲಿ ಪೋಪ್ ಮೂರನೆಯ ಪೌಲರ ಅನುಮೋದನೆ ಪಡೆದ ಅವರ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಕೃತಿಯಲ್ಲಿ ಮೂರು ಬಗೆಯ ಮನುಷ್ಯರ ಕುರಿತ ಧ್ಯಾನವೊಂದಿದೆ. ಮೂವರ ಬಳಿಯೂ ಹತ್ತು ಸಾವಿರ ನಾಣ್ಯಗಳಿವೆ. ಅದನ್ನು ಶುದ್ಧವಾದ ದೈವಪ್ರೀತಿಗಾಗಿ ಸಂಪಾದಿಸಿದ್ದಲ್ಲ ಎಂಬುದು ಅವರಿಗೆ ಗೊತ್ತು. ಅದರ ಮೇಲಿನ ಮೋಹ ಮೂವರ ಮನಸ್ಸಿಗೂ ಭಾರವಾಗಿದೆ. ಮೊದಲನೆಯವನು ಮೋಹವನ್ನು ಬಿಡಬೇಕೆನ್ನುತ್ತಾನೆ. ಸಾಯುವ ಗಳಿಗೆಯವರೆಗೂ ಅದಕ್ಕಾಗಿ ಏನನ್ನೂ ಮಾಡುವುದಿಲ್ಲ. ಎರಡನೆಯವನಿಗೆ ಮೋಹ ಹೋಗಬೇಕು, ಹಣ ಮಾತ್ರ ಕೈಯಲ್ಲೇ ಉಳಿಯಬೇಕು. ದೇವರೇ ತನ್ನ ಇಚ್ಛೆಯ ಕಡೆಗೆ ಬರಲಿ ಎಂಬುದು ಅವನ ಆಸೆ. ಮೂರನೆಯವನು ಇಟ್ಟುಕೊಳ್ಳಬೇಕೆಂದೂ ಹಟ ಹಿಡಿಯುವುದಿಲ್ಲ, ಬಿಟ್ಟುಬಿಡಬೇಕೆಂದೂ ಹಟ ಹಿಡಿಯುವುದಿಲ್ಲ. ದೇವರ ಸೇವೆಗೆ ಯಾವುದು ಉತ್ತಮವೋ ಅದಷ್ಟೇ ಅವನಿಗೆ ಬೇಕು.

ಸೆಮಿನರಿಯಲ್ಲಿ ಇದನ್ನು ಓದುವಾಗ ಎರಡನೆಯವನನ್ನು ಕಂಡು ನಾವೆಲ್ಲ ನಕ್ಕಿದ್ದೆವು. ಈಗ ನೋಡಿದರೆ, ಲಕೋಟೆಗಳ ಮುಂದೆ ಕುಳಿತಿದ್ದ ನಾನೇ ಅವನು. ಮನಸ್ಸಾಕ್ಷಿಯ ಚುಚ್ಚು ನಿಲ್ಲಬೇಕು, ಹೊಸ ಫೋನೂ ಬರಬೇಕು. ಹಾಗೆಂದು ಹಳೆಯ ಫೋನನ್ನು ಬಿಡಲಾರೆನೆಂಬ ಹಟವೂ ಮೂರನೆಯವನ ಸ್ವಾತಂತ್ರ್ಯವಲ್ಲ. ಹೊಸದರ ಮೋಹ ಇರುವಂತೆ ಹಳೆಯದರ ಅಹಂಕಾರವೂ ಇದೆ. ನನಗೆ ಎರಡೂ ಇದ್ದವು. ಗೊಂದಲದಲ್ಲಿರುವವರಿಗೆ ಸಂತರು ಇನ್ನೊಂದು ಉಪಾಯವನ್ನೂ ಹೇಳಿಕೊಡುತ್ತಾರೆ: ನೀನು ಎಂದೂ ಕಂಡಿರದ ಒಬ್ಬ ವ್ಯಕ್ತಿ ಇದೇ ಪ್ರಶ್ನೆಯೊಂದಿಗೆ ಬಂದರೆ ಅವನಿಗೆ ಏನು ಸಲಹೆ ಕೊಡುವೆಯೋ ಅದನ್ನೇ ನೀನೂ ಮಾಡು. ಅಪರಿಚಿತ ಗುರುವೊಬ್ಬನು ಬಂದು ಕೇಳಿದ್ದರೆ ನಾನು, 'ಮೊದಲು ಬ್ಯಾಟರಿ ಬದಲಿಸಿ ನೋಡಿ ಫಾದರ್' ಎನ್ನುತ್ತಿದ್ದೆ.

ಹಾಗೆಯೇ ಮಾಡಿದೆ. ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನ ಅಂಗಡಿಗೆ ಹೋದೆ. ಅವನು ತಾಳ್ಮೆಯಿಂದ ವಿವರಿಸಿದ. ಇಂದಿನ ಫೋನುಗಳ ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ತುಂಬಿ ಬರಿದಾಗುವಷ್ಟರಲ್ಲಿ ತನ್ನ ಶಕ್ತಿಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಫೋನೇ ಮುದಿಯಾಯಿತೆಂದು ನಾವು ಭಾವಿಸುತ್ತೇವೆ. ಎಷ್ಟೋ ಸಲ ಮುದಿಯಾಗಿರುವುದು ಬ್ಯಾಟರಿ ಮಾತ್ರ. ಅರ್ಧ ಗಂಟೆಯ ಕೆಲಸ, ಸಾವಿರದ ಇನ್ನೂರು ರೂಪಾಯಿ. ಅದರ ಜೊತೆಗೆ ಅವನು ಇನ್ನೊಂದು ಮಾತನ್ನೂ ಹೇಳಿದ. "ಫಾದರ್, ಇದಕ್ಕೆ ಕಂಪನಿಯಿಂದ ಸೆಕ್ಯುರಿಟಿ ಅಪ್‌ಡೇಟ್ ಬರೋದು ನಿಂತುಹೋಗಿದೆ. ಮಾತಾಡೋಕೆ, ಮೆಸೇಜಿಗೆ ಪರವಾಗಿಲ್ಲ. ಬ್ಯಾಂಕಿನ ವ್ಯವಹಾರ ಇದರಲ್ಲಿ ಮಾಡಬೇಡಿ." ಇದು ನ್ಯಾಯವಾದ ಎಚ್ಚರಿಕೆ. ಧರ್ಮಕೇಂದ್ರದ ಹಣದ ವ್ಯವಹಾರವನ್ನು ಅಂದಿನಿಂದ ಕಚೇರಿಯ ಕಂಪ್ಯೂಟರಿಗೆ ವರ್ಗಾಯಿಸಿದ್ದೇನೆ.

ಅದೇ ಅಂಗಡಿಯಲ್ಲಿ ಒಂದೂವರೆ ಸಾವಿರ ರೂಪಾಯಿಯ ಗುಂಡಿಗಳುಳ್ಳ ಚಿಕ್ಕ ಫೋನೊಂದನ್ನು ಕೊಂಡೆ. ಅದರಲ್ಲಿ ನೋಡಲು ಏನೂ ಇಲ್ಲ. ಒಮ್ಮೆ ಚಾರ್ಜ್ ಮಾಡಿದರೆ ಹಲವು ದಿನ ಉಳಿಯುತ್ತದೆ. ಅದು ರೋಗಿಗಳ ಕರೆಗೆಂದೇ ಮೀಸಲು. ಸಂಖ್ಯೆಯನ್ನು ದೇವಾಲಯದ ಪ್ರಕಟಣಾ ಫಲಕದಲ್ಲಿ ಬರೆಸಿದ್ದೇನೆ. ರಾತ್ರಿ ಅದು ನನ್ನ ತಲೆದೆಸೆಯಲ್ಲಿ ಜಪಸರದ ಪಕ್ಕದಲ್ಲಿರುತ್ತದೆ. ಮರುಭಾನುವಾರ ಪೂಜೆಯ ಕೊನೆಯಲ್ಲಿ ಜನರ ಮುಂದೆ ನಡೆದದ್ದನ್ನು ತಿಳಿಸಿ, ಲಕೋಟೆಗಳನ್ನು ಹಿಂದಿರುಗಿಸಿದೆ. ಸಮಿತಿಯ ಹಿರಿಯರೊಬ್ಬರಿಗೆ ಬೇಸರವಾಯಿತು. "ಇಷ್ಟೆಲ್ಲ ಹೇಳಬೇಕಾಗಿರಲಿಲ್ಲ ಫಾದರ್" ಎಂದರು. ಇರಬಹುದು. ಆದರೆ ಅಜ್ಜಿಗೆ ಹೇಳಿದ ಮೇಲೆ ಉಳಿದವರಿಗೆ ಮುಚ್ಚಿಡುವುದು ನನ್ನಿಂದಾಗಲಿಲ್ಲ.

ಹಾಗಾದರೆ ಹೊಸ ಫೋನ್ ಕೊಳ್ಳುವುದೇ ತಪ್ಪೆಂದು ನಾನು ಹೇಳುತ್ತಿರುವೆನೇ? ಖಂಡಿತ ಇಲ್ಲ. ಓದುವ ಮಗಳ ತರಗತಿಗೆ ಬೇಕಾದದ್ದು ಹಳೆಯ ಫೋನಿನಲ್ಲಿ ತೆರೆದುಕೊಳ್ಳದಿದ್ದರೆ, ಅಜ್ಜನಿಗೆ ಅಕ್ಷರ ಕಾಣದೆ ಕರೆ ಕೇಳದೆ ಹೋಗುತ್ತಿದ್ದರೆ, ದಿನದ ದುಡಿಮೆಯ ಹಣ ಫೋನಿನ ಮೂಲಕವೇ ಬರುವವರಿಗೆ ಅದರ ಸುರಕ್ಷತೆ ತಪ್ಪಿದ್ದರೆ, ಕೊಳ್ಳುವುದೇ ವಿವೇಕ. ಮುಂದಿನ ವರ್ಷ ನಾನೂ ಕೊಳ್ಳಬೇಕಾಗಬಹುದು. ಆಗ ಅಳುಕದೆ ಕೊಳ್ಳುವೆ. ಆದರೆ ಲೂಕನ ಶುಭಸಂದೇಶದ 12ನೇ ಅಧ್ಯಾಯದ ಧನಿಕನನ್ನು ನೆನೆಯಿರಿ. ಅವನ ಕಣಜಗಳು ಮುರಿದುಬಿದ್ದಿರಲಿಲ್ಲ. ಇನ್ನೂ ದೊಡ್ಡವು ಬೇಕೆಂದು ಗಟ್ಟಿಯಾಗಿದ್ದವುಗಳನ್ನೇ ಕೆಡವಲು ಹೊರಟಿದ್ದ. ನಮ್ಮ ಮನೆಯಲ್ಲಿ ಏಳುವ ಪ್ರಶ್ನೆ ಕೊರತೆಯಿಂದ ಎದ್ದದ್ದೋ, ಪಕ್ಕದ ಮನೆಯ ಕಣಜವನ್ನು ನೋಡಿ ಎದ್ದದ್ದೋ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಹೊಸದನ್ನು ಕೊಳ್ಳುವಾಗ ಅದರ ಬೆಲೆಯನ್ನು ನಾವೊಬ್ಬರೇ ತೆರುವುದಿಲ್ಲ ಎಂಬುದನ್ನೂ ಮರೆಯಲಾಗದು. ಫೋನಿನ ಬ್ಯಾಟರಿಗಳಲ್ಲಿ ಬಳಸುವ ಕೋಬಾಲ್ಟ್ ಲೋಹದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಆಫ್ರಿಕಾದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ. ಅಲ್ಲಿನ ಗಣಿಗಳಲ್ಲಿ ಪುಟ್ಟ ಮಕ್ಕಳೂ ದುಡಿಯುತ್ತಿರುವುದನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆ 2016ರಲ್ಲಿ ಬಯಲಿಗೆ ತಂದಿತು. ದಿವಂಗತ ಪೋಪ್ ಫ್ರಾನ್ಸಿಸರು 2023ರ ಜನವರಿ 31ರಂದು ಆ ದೇಶದ ರಾಜಧಾನಿ ಕಿನ್ಶಾಸಾದಲ್ಲಿ ನಿಂತು, ಆಫ್ರಿಕಾದ ಸಂಪತ್ತನ್ನು ಲೂಟಿ ಮಾಡುವುದನ್ನು ನಿಲ್ಲಿಸಿರೆಂದು ಜಗತ್ತನ್ನು ಕೇಳಿಕೊಂಡರು. ಬಳಸಿ ಬಿಸಾಡುವ ಸಂಸ್ಕೃತಿಯ ಬಗ್ಗೆ ಅವರು 2015ರ 'ಲೌದಾತೋ ಸಿ' ಪರಿಪತ್ರದಲ್ಲಿಯೇ ಎಚ್ಚರಿಸಿದ್ದರು. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯವನ್ನು ಹೊರಹಾಕಿತು. ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ಶೇಕಡ 22.3 ಭಾಗವೆಂದು ಅದು ದಾಖಲಿಸಿದೆ.

ನಮ್ಮ ಕೋಲಾರದ ಚಿನ್ನದ ಗಣಿಯನ್ನು 2001ರಲ್ಲಿ ಮುಚ್ಚಿದ್ದು ನಿಮಗೆ ಗೊತ್ತು. ಕೊನೆಕೊನೆಗೆ ಒಂದು ಟನ್ ಅದಿರಿಗೆ ಕೆಲವೇ ಗ್ರಾಂ ಚಿನ್ನ ಸಿಗುತ್ತಿತ್ತು. ಒಂದು ಟನ್ ಹಳೆಯ ಫೋನುಗಳಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಚಿನ್ನವಿದೆ. ನಾವು ಬೀರುವಿನ ಮೂಲೆಯಲ್ಲಿ ಮರೆತಿಟ್ಟ, ಕಸದ ಬುಟ್ಟಿಗೆ ಎಸೆದ ಫೋನುಗಳು ಒಂದು ಲೆಕ್ಕದಲ್ಲಿ ಗಣಿಗಳೇ. ಕಸದಲ್ಲಿ ಬಿದ್ದರೆ ಅವುಗಳ ಬ್ಯಾಟರಿ ಬೆಂಕಿಯ ಅಪಾಯ ತರುತ್ತದೆ, ವಿಷಲೋಹಗಳು ಮಣ್ಣಿಗಿಳಿಯುತ್ತವೆ. 2023ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಅಧಿಕೃತ ಸಂಗ್ರಹಣಾ ಕೇಂದ್ರಕ್ಕೆ ಅವನ್ನು ತಲುಪಿಸುವ ಕೆಲಸ ಮಾತ್ರ ನಮ್ಮದು. ಐದು ಸಾವಿರ ಮಂದಿಗೆ ಉಣಬಡಿಸಿದ ಮೇಲೂ ಯೇಸುಸ್ವಾಮಿ ಉಳಿದ ತುಣುಕುಗಳು ವ್ಯರ್ಥವಾಗದಂತೆ ಕೂಡಿಸಲು ಶಿಷ್ಯರಿಗೆ ಹೇಳಿದ್ದರಲ್ಲವೇ?

ನಮ್ಮ ಯುವಜನರಿಗೆ ಈ ಕಾಲದ ಸಂತನೊಬ್ಬನ ನೆನಪು ಮಾಡಿಕೊಡಬಯಸುತ್ತೇನೆ. 2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೆಯ ಲಿಯೋ ಅವರು ಸಂತ ಪದವಿಗೇರಿಸಿದ ಕಾರ್ಲೋ ಅಕ್ಯುತಿಸ್ 2006ರಲ್ಲಿ ಹದಿನೈದನೆಯ ವಯಸ್ಸಿನಲ್ಲಿ ತೀರಿಕೊಂಡ ಬಾಲಕ. ಕಂಪ್ಯೂಟರಿನಲ್ಲಿ ನಿಪುಣ. ಪರಮಪ್ರಸಾದದ ಅದ್ಭುತಗಳ ಕುರಿತು ಅಂತರಜಾಲದಲ್ಲಿ ಮಾಹಿತಿ ಸಂಗ್ರಹಿಸಿಟ್ಟವನು. ವಿಡಿಯೋ ಆಟ ಅವನಿಗೆ ಇಷ್ಟವಾಗಿದ್ದರೂ ವಾರಕ್ಕೆ ಒಂದೇ ಗಂಟೆಯೆಂದು ತಾನೇ ಮಿತಿ ಹಾಕಿಕೊಂಡಿದ್ದನಂತೆ. ಅವನು ಯಂತ್ರವನ್ನು ದೂರವಿಡಲಿಲ್ಲ. ಅದಕ್ಕೆ ದಾಸನೂ ಆಗಲಿಲ್ಲ. ಐವತ್ತು ದಾಟಿದ ನಾನು ಹದಿನೈದರ ಆ ಹುಡುಗನಿಂದ ಕಲಿಯಬೇಕಾದದ್ದು ಬಹಳ ಇದೆ.

ಕಳೆದ ತಿಂಗಳು, ರಾತ್ರಿ ಎರಡು ಗಂಟೆಗೆ ಆ ಚಿಕ್ಕ ಫೋನ್ ಮೊದಲ ಬಾರಿಗೆ ಮೊಳಗಿತು. ಅಂದೂ ಕರೆಂಟು ಇರಲಿಲ್ಲ. ಜೀಪು ತೆಗೆದುಕೊಂಡು ಹೋದೆ. ಆ ಮನೆಯ ತಾಯಿಗೆ ಅಭ್ಯಂಗ ಸಂಸ್ಕಾರ ನೀಡಿ, ಅವರ ಕೈ ಹಿಡಿದು ಜಪಸರದ ಪ್ರಾರ್ಥನೆ ಮಾಡಿದೆ. ಬೆಳಗಿನ ಜಾವ ಅವರು ಶಾಂತಿಯಿಂದ ಕಣ್ಣು ಮುಚ್ಚಿದರು. ಹಿಂದಿರುಗುವ ದಾರಿಯಲ್ಲಿ ಗಂಟೆಯ ಅಜ್ಜನ ಮನೆ ಸಿಗುತ್ತದೆ. ಒಲೆಯ ಹೊಗೆ ಆಗಲೇ ಏಳುತ್ತಿತ್ತು. ಅಜ್ಜಿ ಅಂಗಳದಲ್ಲಿ ನಿಂತು ಜೀಪನ್ನು ನೋಡಿದರು. ಎಲ್ಲಿಗೆ ಹೋಗಿದ್ದೆನೆಂದು ಅವರು ಕೇಳಲಿಲ್ಲ. ತಲೆಯಾಡಿಸಿದರು.

ನಮ್ಮ ಕೈಯಲ್ಲಿರುವ ದೀಪ ಹಳೆಯದಿರಲಿ, ಹೊಸದಿರಲಿ. ಕರೆ ಬರುವ ಗಳಿಗೆಯಲ್ಲಿ ಅದರಲ್ಲಿ ಎಣ್ಣೆ ಇರುವಂತೆ ಪ್ರಭು ನಮ್ಮೆಲ್ಲರನ್ನೂ ಎಚ್ಚರವಾಗಿರಿಸಲಿ.